ಕೆಂಪು ರಟ್ಟಿನ ಪುಸ್ತಕಗಳು

ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳನ್ನು ಹೊಲಿದು ರಟ್ಟು ಕಟ್ಟುವ ಹೆಂಗಸನ್ನು ಎಲ್ಲರೂ ರಟ್ಟಿನಕ್ಕ ಎಂದೇ ಕರೆಯುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಅವನ ಸೂಜಿ, ದಾರ, ಮೈದಾ ಅಂಟಿನ ಡಬ್ಬಿ ಹಿಡಿದು ಮೂಲೆಯ ಮೇಜಿಗೆ ಬಂದು ಕೂತವಳು. ಮಾತು ಕಡಿಮೆ. ಆದರೆ ಇಡೀ ಕೋಣೆ ಅವಳ ಕಿವಿಗೆ ಬೀಳುತ್ತಿತ್ತು.

ಹದಿಹರೆಯದವರಿಗೆಂದು ಹೊಸ ಕಪಾಟೊಂದು ಬಂತು. ಕುಡಿತ, ಗಾಂಜಾ, ಮಾತ್ರೆಗಳ ಚಟ, ಬದುಕೇ ಬೇಡವೆನಿಸುವ ಮನಸ್ಸು, ಇವುಗಳ ಬಗ್ಗೆ ಸರಳವಾದ ಪುಸ್ತಕಗಳು. ಪ್ರತಿಯೊಂದರ ಕೊನೆಯ ಹಾಳೆಯಲ್ಲಿ ಸಹಾಯವಾಣಿಯ ನಂಬರು.

"ದೂರದಿಂದ್ಲೇ ಕಾಣ್ಬೇಕಮ್ಮ, ಎಲ್ಲಕ್ಕೂ ಕೆಂಪು ರಟ್ಟು ಹಾಕು" ಎಂದರು ಗ್ರಂಥಾಲಯದ ಸಾಹೇಬರು. ಹಾಕಿದಳು. ಅವರು ಕಪಾಟನ್ನು ಪತ್ರಿಕೆ ಓದುವ ಮೇಜಿನ ಎದುರಿಗೇ ನಿಲ್ಲಿಸಿ ಫೋಟೊ ತೆಗೆಸಿಕೊಂಡರು.

ಆ ಮೇಜು ಪೇಪರ್ ತಾತನದು. ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವುತ್ತಾ ಅವನೂ ಅವನ ಜೊತೆಗಾರರೂ ದಿನವಿಡೀ ಕೂರುವರು. ಯಾವ ಮಗು ಕಪಾಟಿನ ಹತ್ತಿರ ಸುಳಿದರೂ, "ಏನೋ, ಬೀಡಿನಾ ಬಾಟ್ಲಿನಾ?" "ಬಿಡ್ರೀ, ತಲೆ ಕೆಟ್ಟಿರ್ಬೇಕು!" ಮೇಲೊಂದು ಕಿಸಿಕಿಸಿ ನಗು. ಅವರ ಎಂಜಲು ತಾಗಿದ ಪುಟಗಳನ್ನು ರಟ್ಟಿನಕ್ಕ ಬಟ್ಟೆಯಿಂದ ಒರೆಸಿ ಒರೆಸಿ ಹೊಲಿಯುತ್ತಿದ್ದಳು.

ಕೆಂಪು ಪುಸ್ತಕಗಳನ್ನು ಯಾರೂ ಮನೆಗೆ ಒಯ್ಯಲಿಲ್ಲ. ಆದರೆ ಒಂದೊಂದಾಗಿ ಕೊನೆಯ ಹಾಳೆ ಮಾಯವಾಗಿ ಅವಳ ಮೇಜಿಗೆ ಬರತೊಡಗಿದವು. ಮೊದಲು ಸಿಟ್ಟು ಬಂತು. ಆಮೇಲೆ ಅಂಚನ್ನು ಸವರಿ ನೋಡಿದಳು. ಹಾಳೆ ಮಡಚಿ, ಉಗುರಿನಿಂದ ಗೀರಿ, ಸದ್ದಾಗದಂತೆ ಬಿಡಿಸಿದ್ದರು. ತುಂಟರು ಹೀಗೆ ಹರಿಯುವುದಿಲ್ಲ. ಕೆಂಪು ರಟ್ಟನ್ನು ಚೀಲದಲ್ಲಿ ಬಚ್ಚಿಡಲಾರದ ಮಕ್ಕಳ ಕೆಲಸ ಇದು. ಆ ಕೆಂಪು ಹಚ್ಚಿದ್ದು ತನ್ನ ಕೈ ಎಂದು ನೆನೆದಾಗ ಅವಳಿಗೆ ತನ್ನ ಅಂಟಿನ ವಾಸನೆಯೇ ಹೇಸಿಗೆಯಾಯಿತು.

ಒಂದು ಮಧ್ಯಾಹ್ನ ಸಾಹೇಬರು ಒಬ್ಬ ಹುಡುಗಿಯನ್ನು ಹಿಡಿದರು. ಅವಳ ಕೈಯಲ್ಲಿ ಕೆಂಪು ಪುಸ್ತಕದ ಕೊನೆಯ ಹಾಳೆ.

"ಅಪ್ಪನ ನಂಬರ್ ಹೇಳು!"

"ಅಪ್ಪಂಗೆ ಬೇಡ ಸಾರ್, ನಿಮ್ ಕಾಲಿಗೆ ಬೀಳ್ತೀನಿ."

"ಇವಳಪ್ಪ ನಂಗೊತ್ತು ಸಾರ್, ನಾನೇ ಮಾಡ್ತೀನಿ" ಎಂದು ಪೇಪರ್ ತಾತ ಬಾಯಿ ಚಪ್ಪರಿಸಿಕೊಂಡು ಫೋನು ಹೊರತೆಗೆದ.

ರಟ್ಟಿನಕ್ಕ ಎದ್ದಳು. "ಆ ಹಾಳೆ ನಾನೇ ಬಿಚ್ಚಿದ್ದು ಸಾರ್. ಹೊಲಿಗೆ ಸಡಿಲ ಆಗಿತ್ತು. ಕೆಳಗೆ ಬಿದ್ದಿದ್ದನ್ನ ಕೂಸು ನಂಗೆ ಕೊಡೋಕೆ ಬರ್ತಿತ್ತು."

"ಉಳಿದಿದ್ದು?"

"ಎಲ್ಲಾನೂ ನಾನೇ."

ದೇವರೇ, ಈ ಸುಳ್ಳು ನಿನ್ನ ಲೆಕ್ಕಕ್ಕೇ ಇರಲಿ, ಎಂದುಕೊಂಡಳು ಮನಸ್ಸಿನಲ್ಲೇ.

"ಹಾಗಾದ್ರೆ ಎಲ್ಲಾನೂ ಮತ್ತೆ ಕಟ್ಟು. ಬಿಟ್ಟಿ!" ಎಂದು ಗದರಿ ಸಾಹೇಬರು ಹೋದರು. ತಾತನ ಮುಖ ಬಾಯಿಗೆ ಬಂದ ತುತ್ತು ಕೈಜಾರಿದಂತಾಯಿತು.

ಹುಡುಗಿ ಮೂಲೆಗೆ ಬಂದು ಹಾಳೆ ಚಾಚಿದಳು. "ಅಣ್ಣಂಗೆ, ಆಂಟಿ. ಮಾತ್ರೆ ನುಂಗ್ತಾನೆ. ಅಪ್ಪಂಗೆ ಗೊತ್ತಾದ್ರೆ ಮನೆಯಿಂದ ಹೊರಗೆ ಹಾಕ್ತಾರೆ."

"ಇಟ್ಕೋ ಮಗಾ. ಇವತ್ತೇ ಫೋನ್ ಮಾಡ್ಸು" ಎಂದು ರಟ್ಟಿನಕ್ಕ ಅವಳ ಮುಷ್ಟಿ ಮುಚ್ಚಿದಳು.

ಮತ್ತೆ ಕಟ್ಟುವಾಗ ಕೆಂಪನ್ನು ಕಿತ್ತೆಸೆದು ಹಳೆಯ ಭೂಗೋಳದ ಪುಸ್ತಕಗಳ ಬೂದು ರಟ್ಟನ್ನೇ ಹಾಕಿದಳು. ಹಿಂಬದಿಯ ರಟ್ಟಿನ ಒಳಗೊಂದು ಕಾಗದದ ಜೇಬು ಅಂಟಿಸಿ, ನಂಬರು ಬರೆದ ಚೀಟಿಗಳನ್ನು ತುಂಬಿದಳು. ಅಂಟು ಒಣಗಲಿ ಎಂಬ ನೆಪದಲ್ಲಿ ಎಲ್ಲವನ್ನೂ ತನ್ನ ಬೆನ್ನ ಹಿಂದಿನ ಹಲಗೆಗೆ ಸಾಗಿಸಿದಳು. ಚೀಟಿಗಳು ಖಾಲಿಯಾಗುತ್ತಿದ್ದವು, ಅವಳು ತುಂಬುತ್ತಿದ್ದಳು.

"ಕೆಂಪು ಪುಸ್ತಕ ಎಲ್ಲಮ್ಮಾ, ಕಾಣೋದೇ ಇಲ್ಲ?" ಎಂದು ತಾತ ಒಮ್ಮೆ ಕೇಳಿದ.

"ಹುಳ ಹಿಡ್ದಿತ್ತು ತಾತ" ಎಂದಳು, ಅವನ ಒದ್ದೆ ಬೆರಳನ್ನೇ ನೋಡುತ್ತಾ.