ಕಾಲು ಬಂತಾ?

ನನಗೆ ವಜ್ರಾಸನ ಬರುತ್ತದೆ. ಅದರಿಂದ ಏಳುವುದು ಬರುವುದಿಲ್ಲ. ಮಂಡಿ ಮಡಿಸಿ ಹಿಮ್ಮಡಿಯ ಮೇಲೆ ಕೂತವನ ಚಿತ್ರ ಎಲ್ಲ ಯೋಗದ ಪುಸ್ತಕಗಳಲ್ಲೂ ಇರುತ್ತದೆ. ಅವನು ಆಮೇಲೆ ಹೇಗೆ ಎದ್ದ ಎಂಬ ಚಿತ್ರವನ್ನು ಮಾತ್ರ ನಾನೆಲ್ಲೂ ಕಂಡಿಲ್ಲ.

ಉಂಡ ಮೇಲೂ ಮಾಡಬಹುದಾದ ಆಸನವಿದು ಎಂದು ಬಂಗಾರಪೇಟೆಯ ಯೋಗ ಶಿಬಿರದಲ್ಲಿ ಹೇಳಿದರು. ಊಟದಿಂದ ಶುರುವಾಗುವ ಸಾಧನೆ ನನ್ನಂಥವನಿಗೆ ಹೇಳಿ ಮಾಡಿಸಿದ್ದು. ಆದರೆ ಗದಗಿನ ಕಡೆಯಿಂದ ಬಂದು ಕೆ.ಜಿ.ಎಫ್.ನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕುರ್ಚಿ ಸವೆಸಿ ನಿವೃತ್ತನಾದವನ ಮಂಡಿಗಳು ಒಪ್ಪಬೇಕಲ್ಲ, ಹಪ್ಪಳದಂತೆ ಸದ್ದು ಮಾಡಿದವು. ವಜ್ರಾಯುಧ ಬೇಕೆಂದು ದೇವತೆಗಳು ಕೇಳಿದಾಗ ಋಷಿಯೊಬ್ಬ ತನ್ನ ಎಲುಬನ್ನೇ ಕೊಟ್ಟನಂತೆ. ನನ್ನ ಎಲುಬು ಒಯ್ದಿದ್ದರೆ ಅವರು ಯುದ್ಧ ಸೋಲುತ್ತಿದ್ದರು.

ಸರಿಯಾಗಿ ಕೂರಲು ಕಲಿಸಿದವನು ನಮ್ಮೂರಿನದೇ ಚಾಂಪಿಯನ್ ರೀಫ್ಸ್ ಗಣಿಯ ಕಾರ್ಮಿಕರ ಲೈನ್ ಮನೆಯ ಗೆಳೆಯ ಮುನಿಯಪ್ಪ. ತಲೆ ಎತ್ತಲಾಗದ ಸಂದಿಗಳಲ್ಲಿ ಮಂಡಿಯೂರಿ ಕಲ್ಲು ಕೊರೆದ ಹಳೆಯ ಗಣಿ ಕೆಲಸಗಾರ.

"ಇದುಕ್ಕೆ ರೈಲತ್ತಿ ಬಂಗಾರಪೇಟೆಗೆ ಓಗ್ಬೇಕಾಗಿತ್ತಾ ಸಾರ್? ನಾವು ದಿನಾ ಇಂಗೇ ಕುಂತಿದ್ವಲ್ಲ" ಎಂದು ನಕ್ಕ.

ಕಾಲ ಕೆಳಗೆ ಗೋಣಿಚೀಲ ಮಡಿಸಿ ಹಾಸಿದ. ಹಿಮ್ಮಡಿಯ ಮೇಲೊಂದು ದಿಂಬು ಇಟ್ಟ. ಮಂಡಿ ಚುಚ್ಚಿದರೆ ಹಟ ಮಾಡಕೂಡದು ಎಂದ. ಏಳುವ ಮೊದಲು ಕಾಲು ಚಾಚಿಸಿ, ಪಾದ ತಿಕ್ಕಿಸಿ, ತಪ್ಪದೆ ಕೇಳುತ್ತಿದ್ದ: "ಕಾಲು ಬಂತಾ?" ಗಣಿಯಲ್ಲಿ ಅವನ ಜೊತೆಯವರು ಒಬ್ಬರನ್ನೊಬ್ಬರು ಹೀಗೇ ಕೇಳುತ್ತಿದ್ದರಂತೆ. ಜೋಮು ಬಿಡುವವರೆಗೆ ಯಾರೂ ಏಳುವಂತಿರಲಿಲ್ಲ.

ದಿನವೂ ಕೇಳಿಸಿಕೊಂಡು ನನಗೆ ಬೇಸರ ಬಂತು. ಒಂದು ಸಂಜೆ ಜೋಮು ಇರುವಾಗಲೇ "ಬಂತು, ಬಂತು" ಎಂದು ಎದ್ದೆ. ಎದ್ದಷ್ಟೇ ಬೇಗ ಕುರ್ಚಿಯ ಮೇಲೆ ಕುಸಿದೆ. ನನಗೆ ನಗು ಬಂತು. ಮುನಿಯಪ್ಪ ನಗಲಿಲ್ಲ.

"ಸುಳ್ಳು ಯೋಳ್ಬ್ಯಾಡಿ ಸಾರ್. ಗಣೀಲಿ ನನ್ನ ತಮ್ಮನೂ ಇಂಗೇ ಎದ್ದ. ಕಾಲು ನಿಲ್ಲಲಿಲ್ಲ, ಪಕ್ಕದ ಗುಂಡಿಗೆ ಬಿದ್ದು ಸತ್ತೋದ. ಅವತ್ತೊಂದಿನ ನಾನು ಕೇಳ್ಲಿಲ್ಲ."

ನಾಚಿಕೆಯಿಂದ ಕುರ್ಚಿಯಿಂದಿಳಿದು ಮತ್ತೆ ಕಾಲು ಚಾಚಿ ಪಾದ ತಿಕ್ಕಿಕೊಂಡೆ. ತಮ್ಮನನ್ನು ಕೇಳದೆ ಬಿಟ್ಟ ಮಾತನ್ನು ಅವನು ಅಷ್ಟು ವರ್ಷ ಎಲ್ಲರನ್ನೂ ಕೇಳುತ್ತ ಬಂದಿದ್ದ. ಆಮೇಲೆ ನಾನು ಸುಳ್ಳು ಹೇಳಲಿಲ್ಲ.

ಗಣಿಯ ಧೂಳು ಕುಡಿದಿದ್ದ ಅವನ ಎದೆ ಈ ಚಳಿಗಾಲದಲ್ಲಿ ಸೋತಿತು. ಸಾವಿನ ಸುದ್ದಿ ತಿಳಿದು ಹೋದಾಗ ಅವನನ್ನು ಮನೆಯ ಮುಂದೆ ಮಲಗಿಸಿದ್ದರು. ಬಾಯಿಗೆ ನೀರು ಬಿಡಲು ಪಕ್ಕದಲ್ಲಿ ಮಂಡಿ ಮಡಿಸಿ ಕೂತೆ. ಗೋಣಿಯಿಲ್ಲ, ದಿಂಬಿಲ್ಲ, ನೀರು ಬಿಟ್ಟ ಮೇಲೂ ಏಳಲು ಮನಸ್ಸಾಗಲಿಲ್ಲ. ಎಷ್ಟು ಹೊತ್ತು ಹಾಗೇ ಕೂತಿದ್ದೆನೋ, ಹೊರುವವರು ಬಂದು ನಿಂತರು. ನಾನು ಜಾಗ ಬಿಡಬೇಕಿತ್ತು. ಸೊಂಟದ ಕೆಳಗೆ ಕಾಲುಗಳಿವೆ ಎಂಬುದೇ ತಿಳಿಯುತ್ತಿರಲಿಲ್ಲ. ಗಡಿಬಿಡಿಯಿಂದ ನೆಲಕ್ಕೆ ಕೈಯೂರಿದೆ. ಅಳುತ್ತಿದ್ದ ಅವನ ಹೆಂಡತಿ ವೆಂಕಟಮ್ಮ ಅಳು ನಿಲ್ಲಿಸಿ ನನ್ನ ಭುಜ ಒತ್ತಿ ಹಿಡಿದರು.

"ಸಾರ್, ಕಾಲು ಬಂತಾ?"

ಇಲ್ಲವೆಂದು ತಲೆಯಾಡಿಸಿದೆ. ಅಲ್ಲಿಯವರೆಗೆ ಬಾರದಿದ್ದ ಅಳು ಆಗ ಬಂತು.

ಅವರು ಹೊರುವವರ ಕಡೆ ತಿರುಗಿದರು. "ತಡೀರಪ್ಪಾ ವಸಿ. ಸಾರ್‌ಗೆ ಇನ್ನೂ ಕಾಲು ಬಂದಿಲ್ಲ."

ಎಲ್ಲರೂ ಕಾದರು. ಮುನಿಯಪ್ಪನೂ ಕಾದ.