ತಕ್ಕಡಿಯ ಸೊನ್ನೆ, ಕೈಯ ರೂಢಿ

ಬಿಎಸ್ಸಿ ಮುಗಿಸಿ ನಾನು ಮೊದಲು ಕೆಲಸ ಕೇಳಿಕೊಂಡು ಹೋದದ್ದು ಕಾರಟಗಿಯ ಒಂದು ಅಕ್ಕಿ ಗಿರಣಿಗೆ. ಅದರ ಹಿಂಭಾಗದಲ್ಲಿ ಒಂದು ಸಣ್ಣ ಪ್ರಯೋಗಾಲಯ. ಅಕ್ಕಿಯಲ್ಲಿ ತೇವ ಎಷ್ಟಿದೆ ಎಂದು ನೋಡುವುದು ಅಲ್ಲಿಯ ಮುಖ್ಯ ಕೆಲಸ. ಅದನ್ನು ನೋಡಿಕೊಳ್ಳುತ್ತಿದ್ದ ಮೇಡಂ ನನ್ನ ಅಂಕಪಟ್ಟಿಯನ್ನು ಮಡಚಿ ವಾಪಸು ಕೊಟ್ಟರು.

"ಇದು ಇರ್ಲಿ ತಂಗಿ. ಒಂದು ಸ್ಯಾಂಪಲ್ ಮಾಡಿ ತೋರ್ಸು. ನಂದಕ್ಕೂ ನಿಂದಕ್ಕೂ ತಾಳೆ ಆತಂದ್ರ ಕೆಲಸ ನಿಂದು."

ಆ ಕೆಲಸ ನನಗೆ ಬೇಕೇ ಬೇಕಿತ್ತು. ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಗಂಗಾವತಿ ಕಾಲೇಜಿಗೆ ಬಸ್ಸಿನಲ್ಲಿ ನಿಂತೇ ಓಡಾಡಿ, ಸಂತೆಯ ದಿನ ಅವ್ವನ ಜೊತೆ ಕಾಯಿಪಲ್ಯ ಮಾರಿ ಓದಿದವಳು. 'ಓದಿ ಏನ್ ಬಂತು' ಎಂದು ಓಣಿಯವರು ಅವ್ವನನ್ನು ಆಗಲೇ ಕೇಳತೊಡಗಿದ್ದರು. ತೂಗುವುದು ನನಗೇನು ಹೊಸದೇ ಎಂಬ ಧಿಮಾಕೂ ಇತ್ತು.

ಫ್ಯಾನ್ ಆರಿಸಿದೆ. ಮಟ್ಟದ ಗುಳ್ಳೆ ನಟ್ಟನಡುವೆ ಬರುವಂತೆ ತಕ್ಕಡಿಯ ಕಾಲಿನ ತಿರುಪು ತಿರುಗಿಸಿದೆ. ಖಾಲಿ ಬಟ್ಟಲಿಟ್ಟು, ಗಾಜಿನ ಬಾಗಿಲು ಮುಚ್ಚಿ, ಅದರ ತೂಕ ಬರೆದುಕೊಂಡು ಗುಂಡಿ ಒತ್ತಿದೆ. ಬಟ್ಟಲು ಅಲ್ಲೇ ಇದ್ದರೂ ಪರದೆಯ ಮೇಲೆ ಸೊನ್ನೆ. ಇದು ನನಗೆ ಯಾವತ್ತೂ ಇಷ್ಟ. ಮೊದಲೇ ಹೊತ್ತು ತಂದದ್ದನ್ನು ಬಿಟ್ಟು, ಇಲ್ಲಿಂದ ಮುಂದೆ ಹಾಕಿದ್ದಷ್ಟನ್ನೇ ಅದು ಹೇಳುತ್ತದೆ. ನಮ್ಮಂಥವರಿಗೆ ಆ ಗುಂಡಿಯ ಬೆಲೆ ಗೊತ್ತು.

ಅಕ್ಕಿ ಹಿಟ್ಟು ಉದುರಿಸಿ, ಐದು ಗ್ರಾಂಗೆ ನಿಲ್ಲಿಸಿ, ಬರೆದು, ಬಟ್ಟಲನ್ನು ಓವನ್ನಿಗಿಟ್ಟೆ. ಒಣಗಿ ಇಳಿಯುವ ತೂಕವೇ ತೇವ. ತಣ್ಣಗಾದ ಮೇಲೆ ತೂಗಿ ನೋಡಿದರೆ ನನ್ನ ಲೆಕ್ಕದಲ್ಲಿ ತೇವ, ಅದೇ ಅಕ್ಕಿಗೆ ಮೇಡಂ ಮೊದಲೇ ಮಾಡಿಟ್ಟಿದ್ದ ಲೆಕ್ಕಕ್ಕಿಂತ ಕಡಿಮೆ.

"ತಕ್ಕಡಿ ಸೊನ್ನಿಗೆ ನಿಂತಿಲ್ಲ ಅನಸ್ತೈತ್ರಿ" ಎಂದೆ.

"ಅಂದ್ರ ತಪ್ಪು ಅದರದು, ನಿಂದಲ್ಲ?"

ತಟ್ಟೆ ಖಾಲಿ ಮಾಡಿ ಅವರೇ ಗುಂಡಿ ಒತ್ತಿದರು. ಸೊನ್ನೆ. ತೂಕದ ಬಟ್ಟೊಂದನ್ನು ಚಿಮುಟದಲ್ಲಿ ಹಿಡಿದು ಇಟ್ಟರು. ಕೊನೆಯ ಅಂಕಿಯವರೆಗೂ ಸರಿ.

"ಇನ್ನೊಮ್ಮೆ ಮಾಡ್ತೀನ್ರಿ ಮೇಡಂ."

"ಮಾಡು. ನಾ ಇಲ್ಲೇ ನಿಂತಿರ್ತೀನಿ."

ಮತ್ತೆ ಸೊನ್ನೆ, ಮತ್ತೆ ಹಿಟ್ಟು. ತೂಕ ಬರೆದು, ಬಟ್ಟಲು ಎತ್ತಲು ಕೈ ಚಾಚಿದೆ.

"ಏ, ನಿಲ್ಲು! ಈಗೇನ್ ಹಾಕಿದಿ?"

"ನಾ ಏನೂ ಹಾಕಿಲ್ರಿ."

"ನೀ ಹಾಕಿಲ್ಲ, ನಿನ್ನ ಕೈ ಹಾಕ್ತು. ಚಮಚ ನೋಡು."

ಚಮಚದ ತುದಿಯಲ್ಲಿ ಉಳಿದಿದ್ದ ಚಿಟಿಕೆ ಹಿಟ್ಟು ಬಟ್ಟಲಲ್ಲಿತ್ತು. ತೂಕ ಬರೆದಾದ ಮೇಲೆ ಬಿದ್ದದ್ದು! ನೋಡಿದೊಡನೆ ತಿಳಿಯಿತು: ಮೊದಲ ಸಲವೂ ಹೀಗೇ ಲೆಕ್ಕಕ್ಕೆ ಸೇರದ ಹಿಟ್ಟು ಒಣಗಿದ ಮೇಲಿನ ತೂಕ ಹೆಚ್ಚಿಸಿ, ತೇವವನ್ನು ಕಡಿಮೆ ತೋರಿಸಿತ್ತು. ಅವ್ವನ ಬುಟ್ಟಿಯ ಮುಂದೆ ಕೂತು ಪಳಗಿದ ಕೈ ಇದು. ತೂಗಿ ಮುಗಿದ ಮೇಲೆ ಎರಡು ಮೆಣಸಿನಕಾಯಿ ಮೇಲೆ ಹಾಕದಿದ್ದರೆ ಇದಕ್ಕೆ ಸಮಾಧಾನವಿಲ್ಲ.

"ಕೊಸರು ರೀ ಅದು" ಎಂದೆ. "ನಮ್ಮವ್ವ ಕಾಯಿಪಲ್ಲೆ ಮಾರ್ತಾಳ್ರಿ."

ಮೇಡಂ ಕುರ್ಚಿ ಹಿಡಿದುಕೊಂಡು ನಕ್ಕರು. "ಕೊಸರು ಹಾಕದಿದ್ರ ನಮ್ಮ ಓವನ್ನು ಬಾಜೂ ಅಂಗಡಿಗೆ ಹೊಕ್ಕೈತಂತ ಹೆದರಿಕೇನವಾ?"

ನನಗೂ ನಗು ಬಂತು. ಆದರೆ ತಲೆ ತಗ್ಗಿಸಲಿಲ್ಲ. "ಆ ಕೊಸರು ನೋಡೇ ಮಂದಿ ನಮ್ಮಲ್ಲಿಗೆ ಬರ್ತಾರ್ರಿ. ಅದರಾಗ ನಾ ಓದೀನಿ. ಇಲ್ಲಿ ಬ್ಯಾಡಂದ್ರ ಬಿಡ್ತೀನಿ. ಇದೊಂದ್ಸಲ ನೋಡ್ರಿ."

ಅವರು ಹೊಸ ಬಟ್ಟಲು ನನ್ನ ಕಡೆ ಸರಿಸಿದರು.

ಈ ಸಲ ತೂಕ ಬರೆಯುವ ಮೊದಲೇ ಚಮಚವನ್ನು ದೂರದ ಕಾಗದದ ಮೇಲೆ ಇಟ್ಟುಬಿಟ್ಟೆ. ಕೊಸರು ಹಾಕದೆ ಬಟ್ಟಲು ಎತ್ತುವಾಗ ಯಾರಿಗೋ ಮೋಸ ಮಾಡಿದಂತೆ ಬೆರಳು ಚುರುಚುರು ಎಂದವು. ತಕ್ಕಡಿ ಸೊನ್ನೆಗೆ ಬರಲು ಒಂದು ಗುಂಡಿ ಸಾಕು. ಕೈಗೆ ಅಂಥ ಗುಂಡಿ ಇಲ್ಲ.

ಸಂಜೆ ಓವನ್ನಿನಿಂದ ತೆಗೆದು, ತಣಿಸಿ ತೂಗಿದಾಗ ತಾಳೆಯಾಯಿತು. ಮೇಡಂ ಎರಡು ಲೆಕ್ಕವನ್ನೂ ಮತ್ತೊಮ್ಮೆ ನೋಡಿ, ಪೆನ್ನಿನ ಟೋಪಿ ಹಾಕಿದರು.

"ಸೋಮವಾರ ಬಾ. ನಿಮ್ಮವ್ವಗ ಹೇಳು, ಮಗಳ ಕೈ ಛಲೋ ಐತಿ, ಭಾಳ ಧಾರಾಳ ಐತಿ ಅಷ್ಟ."

ಬಸ್ ನಿಲ್ದಾಣದವರೆಗೆ ನಡೆದೇ ಹೋದೆ, ಅವ್ವನಿಗೆ ಆ ಮಾತನ್ನು ಹೇಗೆ ಹೇಳಲಿ ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡುತ್ತ.