ನಾನು ಬಾಯಿಬಿಟ್ಟು ಹೇಳದ ಹೆಸರು

ಮಕ್ಕಳೇ, ನಾನು ಒಬ್ಬಳೇ ಕೂತಾಗ ತುಟಿ ಅಲುಗುವುದನ್ನು ಕಂಡು ನೀವು ನಗುತ್ತೀರಿ. ‘ಅಜ್ಜಿ ಮಂತ್ರ ಹೇಳ್ತಾವ್ಳೆ’ ಎಂದು ಚಿಕ್ಕವಳು ಮೊನ್ನೆ ಎಲ್ಲರಿಗೂ ಸಾರಿದಳು. ನನಗೆ ಮಂತ್ರ ಬರುವುದಿಲ್ಲ. ಅದೇನೆಂದು ಬಾಯಿಂದ ಹೇಳಲು ನಾಚಿಕೆ. ಏಳನೇ ಕ್ಲಾಸಿನವರೆಗೆ ಊರ ಶಾಲೆಯಲ್ಲಿ ಕಲಿತ ಅಕ್ಷರ ಕೈಯಲ್ಲಿದೆ, ಬರೆದಿಡುತ್ತೇನೆ.

ನಿಮ್ಮ ತಾತನಿಗೆ ಲಕ್ವ ಹೊಡೆದದ್ದು ಬಿಡದಿಯ ಕಡೆ ಕಾರ್ಖಾನೆಗಳು ಒಂದೊಂದಾಗಿ ಏಳುತ್ತಿದ್ದ ಕಾಲದಲ್ಲಿ. ನಿಮ್ಮಪ್ಪ ಆಗಷ್ಟೇ ಒಂದರಲ್ಲಿ ಕೆಲಸಕ್ಕೆ ಸೇರಿದ್ದ. ಅವತ್ತು ಬೆಳಿಗ್ಗೆ ನಾವಿಬ್ಬರೂ ರಾಮನಗರದ ಮಾರ್ಕೆಟ್ಟಿಗೆಂದು ರೇಷ್ಮೆಗೂಡು ಬಿಡಿಸಲು ಕೂತಿದ್ದೆವು. ಬಿಡಿಸುವ ಮುಂಚೆ ಒಂದು ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುವುದು ಅವರ ಪದ್ಧತಿ. ಒಳಗಿನ ಹುಳ ಗಟ್ಟಿಯಾಗಿದ್ದರೆ ಟಕಟಕ ಅನ್ನುತ್ತದೆ, ಆಗ ಬಿಡಿಸಬಹುದು. ಅವತ್ತೂ ಅಲ್ಲಾಡಿಸಿ, ನನ್ನ ಕಡೆ ತಿರುಗಿ ಏನೋ ಹೇಳಲು ಬಾಯಿ ತೆರೆದರು. ಬಾಯಿ ಓರೆಯಾಯಿತು. ಮಾತು ಬರಲಿಲ್ಲ.

ಆಮೇಲೂ ಬರಲಿಲ್ಲ. ಬಲಗೈ, ಬಲಗಾಲು ಹೋದವು. ಬಾಯಲ್ಲಿ ‘ಬ್ಬ, ಬ್ಬ’ ಎಂಬ ಸದ್ದು ಉಳಿಯಿತು. ನೀರಡಿಸಿದರೂ ಅದೇ, ಮೂಗಿನ ಮೇಲೆ ನೊಣ ಕೂತರೂ ಅದೇ. ನೋಡಲು ಬಂದವರು ಅವರೆದುರಿಗೇ, ಅವರಿಲ್ಲವೆಂಬಂತೆ ಮಾತಾಡುತ್ತಿದ್ದರು.

“ಅಣ್ಣಂಗೆ ಎಲ್ಲಾ ಹೊಂಟೋಗೈತೆ ಕಣತ್ಗೆ. ನೀನು ಸುಮ್ಕೆ ಗೋಡೆ ಜತೆ ಮಾತಾಡ್ತಾ ಕುಂತಿದ್ದೀಯ” ಎಂದ ನನ್ನ ಮೈದುನ.

ಅವರು ಸೂರು ನೋಡುತ್ತಾ ಮಲಗಿದ್ದರು. ಒಳಗೆ ಮಾತು ಇದೆಯೋ ಇಲ್ಲವೋ, ಅಷ್ಟು ತಿಳಿದರೆ ನನಗೆ ಸಾಕಿತ್ತು.

ರಾಮನಗರದ ಡಾಕ್ಟರು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು. ನಿಮ್ಮಪ್ಪನಿಗೆ ರಜೆ ಸಿಗಲಿಲ್ಲ, ಮೈದುನ ಜೊತೆಗೆ ಬಂದ. ಅಲ್ಲಿ ಒಬ್ಬ ಡಾಕ್ಟರಮ್ಮ, ಸಣ್ಣ ವಯಸ್ಸು, ಮಾತು ನಿಂತವರ ಮಿದುಳಿನ ಬಗ್ಗೆಯೇ ಓದುತ್ತಿದ್ದಳು. ತಲೆಗೆ ಅಂಟು ಹಚ್ಚಿ ವೈರು ಕೂರಿಸಿದರೆ ಟಿವಿಯಂಥ ಪರದೆಯ ಮೇಲೆ ಗೆರೆಗಳು ಅಲೆ ಅಲೆಯಾಗಿ ಓಡುತ್ತವೆ. ತಾತ ಹೆದರಿ ತಲೆ ಕೊಡಲಿಲ್ಲ. ಅದಕ್ಕೆ ಮೊದಲು ನನಗೇ ಹಾಕಿ ತೋರಿಸಿದಳು. ತಲೆಯ ಮೇಲಿನ ಸೆರಗು ತೆಗೆದು ಪರರ ಮುಂದೆ ಕೂದಲು ಬಿಚ್ಚಿ ಕೂತದ್ದು ಅದೇ ಮೊದಲು.

ಕಿವಿಗೆ ಹಾಕಿದ ಯಂತ್ರದಲ್ಲಿ ಯಾರೋ ‘ನೀರು’ ಎಂದರು. ಇನ್ನೊಮ್ಮೆ, ಮತ್ತೊಮ್ಮೆ. ಆಮೇಲೆ ದೀಪ ಹತ್ತಿದಾಗಲೆಲ್ಲ ತುಟಿ ಅಲುಗಿಸದೆ ಮನಸ್ಸಿನಲ್ಲೇ ‘ನೀರು’ ಅನ್ನಬೇಕು. ಕಿವಿಗೆ ಬಿದ್ದ ಮಾತಿಗೆ ಅಲೆ ಎದ್ದು ಕಾಣುತ್ತದಂತೆ. ಮನಸ್ಸಿನಲ್ಲಿ ಆಡಿದ್ದಕ್ಕೂ ಅಲೆ ಇದೆ, ಆದರೆ ಸಣ್ಣದು, ಯಾವ ಗಳಿಗೆಗೆ ಎದ್ದಿತೆಂದು ಹಿಡಿಯುವುದು ಕಷ್ಟ. ಎಷ್ಟೋ ಸಲ ಆಡಿಸಿ ಎಲ್ಲವನ್ನೂ ಸೇರಿಸಿ ನೋಡಿದರೆ ಎರಡಕ್ಕೂ ಒಂದಿಷ್ಟು ಹೋಲಿಕೆ ಕಂಡರೂ ಕಾಣಬಹುದು ಎಂದಳು.

“ಹಂಗಾದ್ರೆ ಇವರು ಒಳಗೆ ಏನಂತಾವ್ರೆ ಅಂತ ಗೊತ್ತಾಯ್ತದಾ?” ಎಂದು ಕೇಳಿದೆ.

“ಇಲ್ಲಮ್ಮ. ಯಾವ ಮಾತು ಅಂತ ಈ ಗೆರೆ ಹೇಳಲ್ಲ.”

ತಾತನ ಸರದಿ ಬಂತು. ಕೇಳಿದ ಮಾತಿಗೆ ಅಲೆ ಎದ್ದಿತು. ಮನಸ್ಸಿನಲ್ಲಿ ಹೇಳಿ ಎಂದಾಗ ಏನೂ ಸ್ಪಷ್ಟವಿಲ್ಲ. ಅವರು ಹೇಳುತ್ತಿದ್ದಾರೋ, ಹೇಳಬೇಕೆಂದೇ ತಿಳಿದಿಲ್ಲವೋ. ಡಾಕ್ಟರಮ್ಮ ನನ್ನ ಕಡೆ ನೋಡಿದಳು. “ಮನುಷ್ಯನ ಮಿದುಳು ತನ್ನ ಹೆಸರಿಗೆ ಚೆನ್ನಾಗಿ ಎಚ್ಚರಗೊಳ್ಳುತ್ತೆ. ಅದೂ ಮನೆಯವರ ದನಿಯಲ್ಲಿ. ನೀವು ಅವರ ಹೆಸರು ಹೇಳಿ, ರೆಕಾರ್ಡ್ ಮಾಡ್ಕೋತೀನಿ.”

ನಾನು ಅವರ ಹೆಸರನ್ನು ಒಮ್ಮೆಯೂ ಹೇಳಿದವಳಲ್ಲ. ಮದುವೆಯಲ್ಲಿ ನಾದಿನಿಯರು ಬಾಗಿಲಿಗೆ ಅಡ್ಡ ನಿಂತು, ಗಂಡನ ಹೆಸರು ಹೇಳಿದರೇ ಒಳಕ್ಕೆ ಬಿಡುವುದು ಎಂದಾಗ ಅತ್ತುಬಿಟ್ಟಿದ್ದೆ. ಅತ್ತೆ ಬಂದು ಬಿಡಿಸಿದರು. ನಮ್ಮೂರ ಪಕ್ಕದ ಬೆಟ್ಟಕ್ಕೂ ಅದೇ ಹೆಸರು, ನಾನು ಬಸ್ಸಿನಲ್ಲಿ ‘ಬೆಟ್ಟದ ಸ್ಟಾಪು’ ಅನ್ನುತ್ತೇನೆ. ಹೆಸರು ಹೇಳಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತದೆ ಎಂದು ಅವ್ವ ಹೇಳಿದ್ದಳು. ಅವರು ಹಾಗೆ ಬಿದ್ದಿರುವಾಗ ನಾನು ಹೇಗೆ ಹೇಳಲಿ?

“ಯೋಳತ್ಗೆ, ಬೆಂಗ್ಳೂರಲ್ಲಿ ನಮ್ಮವ್ವ ಬಂದು ಕೇಳಿಸ್ಕಳಕಿಲ್ಲ” ಎಂದ ಮೈದುನ.

“ನೀನೇ ಯೋಳಪ್ಪ.”

“ನಾನಾ? ಹುಟ್ಟಿದಾಗ್ನಿಂದ ಅಣ್ಣ ಅಂದೋನು. ಈಗ ಹೆಸರಿಡ್ದು ಕೂಗಿದ್ರೆ ಎದ್ದು ಒದೀತಾನೆ ಅಷ್ಟೆ.”

ಒದೆಯಲಿ ಎಂದೇ ನನಗೂ ಆಸೆ. ಆದರೂ ಬಾಯಿ ಬರಲಿಲ್ಲ. “ಇಲ್ನೋಡಿ” ಎಂದೆ, ಅದೂ ಯಂತ್ರಕ್ಕೆ ಕೇಳದಷ್ಟು ಮೆಲ್ಲಗೆ. ಕೊನೆಗೆ ನರ್ಸೊಬ್ಬಳು ಹೆಸರು ಹೇಳಿದಳು, ಹಾಜರಿ ಕೂಗುವಂತೆ. ಉಳಿದ ಮಾತುಗಳಿಗೆ ಎದ್ದಂಥದೇ ಅಲೆ ಎದ್ದಿತು, ಹೆಚ್ಚೇನಿಲ್ಲ. ಡಾಕ್ಟರಮ್ಮ ಏನೋ ಬರೆದುಕೊಂಡು, “ಬರೋ ತಿಂಗಳು ಬನ್ನಿ. ಮನೇಲಿ ಹೇಳಿ ರೂಢಿ ಮಾಡ್ಕೊಳ್ಳಿ” ಎಂದಳು.

ಹುಳುಮನೆಯಲ್ಲಿ ರೇಷ್ಮೆಹುಳಕ್ಕೆ ಸೊಪ್ಪು ಹಾಕುವಾಗ ರೂಢಿ ಮಾಡಿದೆ. ಮೊದಲು ಮನಸ್ಸಿನಲ್ಲಿ. ಮನಸ್ಸಿನಲ್ಲೂ ನಾನು ಆ ಹೆಸರು ಆಡಿರಲಿಲ್ಲವೆಂದು ಆಗ ತಿಳಿಯಿತು. ಆಮೇಲೆ ತುಟಿಯವರೆಗೆ ತಂದೆ. ದನಿ ಮಾತ್ರ ಏಳಲಿಲ್ಲ. ಒಂದು ದಿನ ಅವರ ಎಡಗೈಗೆ ಒಂದು ಗೂಡು ಕೊಟ್ಟೆ. ಕಿವಿಯ ಹತ್ತಿರ ಒಯ್ದು ಅಲ್ಲಾಡಿಸಿದರು, ನನ್ನ ಕಡೆ ತಿರುಗಿ ‘ಬ್ಬ’ ಎಂದರು. ಗಟ್ಟಿಯಾಗಿದೆ ಬಿಡಿಸು ಎಂದರೋ, ಇನ್ನೊಂದು ದಿನ ಬಿಡು ಎಂದರೋ. ಹೆಸರು ಹಿಡಿದು ಕೂಗಲು ಆಗಲೂ ಬಾಯಿ ತೆರೆದೆ, ಮುಚ್ಚಿದೆ.

ಆ ತಿಂಗಳು ತುಂಬುವ ಮೊದಲೇ ಇನ್ನೊಂದು ಸಲ ಲಕ್ವ ಬಡಿಯಿತು. ಎರಡು ದಿನ ಇದ್ದರು. ನಾನು ಹೆಸರು ಹೇಳದೆ ಕಾಪಾಡಿದ ಆಯಸ್ಸು ಅಷ್ಟೇ.

ಮರಣ ಪತ್ರಕ್ಕೆ ಹೋದಾಗ ಗುಮಾಸ್ತ, “ತೀರ್ಕೊಂಡೋರ ಹೆಸರೇನಮ್ಮ?” ಎಂದ. ನಾನು ರೇಷನ್ ಕಾರ್ಡು ಮುಂದಿಟ್ಟೆ. “ಬಾಯಲ್ಲಿ ಹೇಳಿದ್ರೆ ಹೋದೋರು ಎದ್ದು ಬತ್ತಾರಾ?” ಎಂದು ನಕ್ಕ. ನಾನೂ ನಕ್ಕೆ.

ಈಗ ನನ್ನ ತುಟಿಯಲ್ಲಿ ಆಡುವುದು ಆ ಹೆಸರು. ತಲೆಗೆ ವೈರು ಹಚ್ಚಿದರೆ ಒಂದು ಸಣ್ಣ ಅಲೆ ಕಂಡೀತೋ ಏನೋ. ಅದು ಯಾರಿಗೂ ಕೇಳಿಸುವಂಥದ್ದಲ್ಲ, ಕೇಳಬೇಕಾದವರೂ ಇಲ್ಲ. ಇಲ್ಲಿ ಬರೆಯೋಣವೆಂದು ಇಷ್ಟು ಹೊತ್ತು ಪೆನ್ನು ಹಿಡಿದು ಕೂತೆ, ಆಗಲಿಲ್ಲ. ನಿಮ್ಮ ತಾತನ ಹೆಸರನ್ನು ನಿಮ್ಮಪ್ಪನ ಹತ್ತಿರ ಕೇಳಿಕೊಳ್ಳಿ.